ಹಳೆ ಓಮ್ನಿಯ ಮಿಸ್ಸಿಂಗ್: ಸಾಮಾನು ಕೊಳ್ಳುವ ಮೊದಲು ಸಿಲಿಂಡರ್ ಹುಡುಕಿ

ಇಂಜಿನ್ ಒಂದೇ ಲಯದಲ್ಲಿ ಓಡದೆ ನಡುನಡುವೆ ಪೆಟ್ಟು ತಪ್ಪಿಸುವುದಕ್ಕೆ ಗ್ಯಾರೇಜಿನ ಭಾಷೆಯಲ್ಲಿ ಮಿಸ್ಸಿಂಗ್ ಎಂದು ಹೆಸರು. ಸ್ಲೋದಲ್ಲಿ ನಿಲ್ಲಿಸಿದರೆ ಗಾಡಿ ಇಡೀ ನಡುಗುತ್ತದೆ. ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ ಬರುತ್ತದೆ. ಏರು ಹತ್ತುವಾಗ ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗಾಗುತ್ತದೆ. ಮಳೆಗಾಲ ಹಿಡಿದ ಕೂಡಲೇ ನಮ್ಮ ಕಡೆಯ ಹಳೆ ಪೆಟ್ರೋಲ್ ಗಾಡಿಗಳಿಗೆ ಇದು ಜ್ವರ ಬಂದ ಹಾಗೆ ಬರುತ್ತದೆ.

ಮಾರುತಿ ಓಮ್ನಿ ಬಂದದ್ದು 1984ರಲ್ಲಿ, ತಯಾರಿ ನಿಂತದ್ದು 2019ರಲ್ಲಿ. ನಿಂತರೂ ಕೃಷಿಕರ ಅಂಗಳದಿಂದ ಅದು ಹೋಗಿಲ್ಲ. ಅಡಿಕೆ ಮೂಟೆ, ಹಿಂಡಿ, ಹಾಲಿನ ಕ್ಯಾನ್, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಅವರು, ಎಲ್ಲಕ್ಕೂ ಅದೇ. ನನ್ನಲ್ಲಿರುವುದು ಕಾರ್ಬುರೇಟರ್ ಮತ್ತು ಪಾಯಿಂಟ್ ಇರುವ ಕಾಲದ್ದು. ಮುಂದೆ ಬರೆದದ್ದೆಲ್ಲ ಅದರ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ನನ್ನು ಕಣ್ಣೆದುರು ಇಟ್ಟುಕೊಂಡು. ಅದೇ ಕಾಲದ ಮಾರುತಿ 800ಕ್ಕೂ ಇದು ಹೊಂದುತ್ತದೆ. ಹಳೆ ಪೆಟ್ರೋಲ್ ಜೀಪು, ಅಂಬಾಸಿಡರ್ ಇರುವವರು ಅಳತೆಗಳನ್ನು ಬಿಟ್ಟು ಹುಡುಕುವ ದಾರಿಯನ್ನಷ್ಟೇ ತೆಗೆದುಕೊಂಡರೆ ಸಾಕು.

"ಹೇಗೂ ಓಡುತ್ತದಲ್ಲ" ಎಂದು ಮಿಸ್ಸಿಂಗಿನಲ್ಲೇ ಓಡಿಸುವವರಿದ್ದಾರೆ. ಮೂರರಲ್ಲಿ ಒಂದು ಸಿಲಿಂಡರ್ ಸತ್ತರೆ ಮೂರರಲ್ಲೊಂದು ಪಾಲು ಬಲ ಹೋಯಿತು. ಆದರೆ ಅದು ಕುಡಿಯುವ ಪೆಟ್ರೋಲ್ ನಿಲ್ಲುವುದಿಲ್ಲ. ಉರಿಯದ ಆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ತೊಳೆದುಕೊಂಡು ಕೆಳಗಿಳಿಯುತ್ತದೆ, ಇಂಜಿನ್ ಆಯಿಲ್ ನೀರಾಗುತ್ತದೆ, ರಿಂಗ್ ಸವೆಯುತ್ತದೆ. ಒಂದು ಪ್ಲಗ್ ವಯರಿನಲ್ಲಿ ಮುಗಿಯಬೇಕಾದ ಖರ್ಚು ಬೋರ್ ಮಾಡಿಸುವಲ್ಲಿಗೆ ಹೋಗಬಹುದು.

ಮೇನ್ ಪೈಪೋ, ಜೆಟ್ಟೋ?

ಸಿಲಿಂಡರಿನಲ್ಲಿ ಬೆಂಕಿ ಹತ್ತಲು ಮೂರು ಬೇಕು. ಸರಿಯಾದ ಹೊತ್ತಿಗೆ ಗಟ್ಟಿ ಕಿಡಿ, ಹದವಾದ ಪೆಟ್ರೋಲ್-ಗಾಳಿ ಮಿಶ್ರಣ, ಮತ್ತು ಅದನ್ನು ಅದುಮಿ ಹಿಡಿಯುವ ಕಂಪ್ರೆಷನ್. ಇದು ಎಲ್ಲರಿಗೂ ಗೊತ್ತು. ಹಾಗಾಗಿ ಮಿಸ್ಸಿಂಗ್ ಎಂದ ಕೂಡಲೇ ಪ್ಲಗ್ ಹಾಕು, ಪಾಯಿಂಟ್ ಹಾಕು, ಕಾಯಿಲ್ ಹಾಕು, ಕಾರ್ಬುರೇಟರ್ ಬಿಚ್ಚು ಎಂದು ಒಂದೊಂದಾಗಿ ಹೊಸ ಸಾಮಾನು ಬೀಳುತ್ತದೆ. ಇದು ರೋಗ ಯಾವುದೆಂದು ನೋಡದೆ ತೋಟಕ್ಕೆ ಸಿಕ್ಕಿದ ಮದ್ದೆಲ್ಲ ಹೊಡೆದ ಹಾಗೆ.

ತೋಟದ ಸ್ಪ್ರಿಂಕ್ಲರನ್ನು ಯೋಚಿಸಿ. ಎಲ್ಲ ಜೆಟ್ಟುಗಳೂ ಸೊರಗಿದ್ದರೆ ಪಂಪು, ಫುಟ್‌ವಾಲ್ವ್, ಮೇನ್ ಪೈಪ್ ನೋಡುತ್ತೇವೆ. ಒಂದೇ ಜೆಟ್ ಸೊರಗಿ ಉಳಿದವು ಚೆನ್ನಾಗಿ ಹಾರುತ್ತಿದ್ದರೆ ಮೇನ್ ಪೈಪ್ ಅಗೆಯುವವರು ಯಾರೂ ಇಲ್ಲ. ಇಂಜಿನ್ನಿಗೂ ಲೆಕ್ಕ ಅದೇ. ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್, ರೋಟರ್, ಪೆಟ್ರೋಲ್ ಪಂಪ್, ಕಾರ್ಬುರೇಟರ್, ಇವು ಮೂರೂ ಸಿಲಿಂಡರಿಗೆ ಸೇರಿದ ಮೇನ್ ಪೈಪು. ಡಿಸ್ಟ್ರಿಬ್ಯೂಟರ್ ಮುಚ್ಚಳದ ಹೊರಗಿನ ಮೂರು ಮನೆಗಳು, ಮೂರು ಪ್ಲಗ್ ವಯರು, ಮೂರು ಪ್ಲಗ್ಗು, ಆಯಾ ಸಿಲಿಂಡರಿನ ವಾಲ್ವ್ ಮತ್ತು ರಿಂಗ್, ಇವು ಒಂದೊಂದು ಜೆಟ್ಟು. ಹಾಗಾದ್ದರಿಂದ ಸತ್ತಿರುವುದು ಒಂದೇ ಸಿಲಿಂಡರೋ, ಮೂರೂ ಸರದಿಯಲ್ಲಿ ತಪ್ಪುತ್ತಿವೆಯೋ ಎಂಬುದು ಮೊದಲು ಗೊತ್ತಾಗಬೇಕು. ಒಂದೇ ಸಿಲಿಂಡರ್ ಯಾವಾಗಲೂ ಸತ್ತಿದ್ದರೆ ಕಾರ್ಬುರೇಟರ್ ಬಿಚ್ಚುವುದು ಹೆಚ್ಚಾಗಿ ದಂಡ. ಅದು ಮೂವರಿಗೂ ಬಡಿಸುವ ಒಂದೇ ಸೌಟು.

ಸತ್ತ ಸಿಲಿಂಡರ್ ಹುಡುಕುವುದು

ಮೊದಲು ಜಾಗ್ರತೆಯ ಮಾತು. ಗಾಡಿಯನ್ನು ಶೆಡ್ಡಿನಿಂದ ಹೊರಗೆ ಬಯಲಿಗೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿ. ಸೀಟೆತ್ತಿ ಬಗ್ಗಿದಾಗ ಬೆಲ್ಟು ಕೈಯ ಹತ್ತಿರವೇ ತಿರುಗುತ್ತಿರುತ್ತದೆ. ಹೆಗಲ ಬೈರಾಸು ತೆಗೆದಿಡಿ, ಲುಂಗಿ ಬೇಡ. ಹತ್ತಿರ ಬೀಡಿ ಸೇದುವವರಿದ್ದರೆ ದೂರ ಕಳಿಸಿ.

ಮೂರು ಪ್ಲಗ್ ವಯರಿಗೂ ಗುರುತು ಹಾಕಿ. ನಾನು ನೂಲು ಕಟ್ಟುತ್ತೇನೆ, ಬೆಲ್ಟಿನ ಬದಿಯ ಒಂದನೆಯದಕ್ಕೆ ಒಂದು ಗಂಟು, ನಡುವಿನದಕ್ಕೆ ಎರಡು, ಆಚೆಯದಕ್ಕೆ ಮೂರು. ಈ ಇಂಜಿನ್ ಉರಿಯುವ ಸರದಿ 1-3-2. ವಯರು ಅದಲು ಬದಲಾದರೆ ಕಾರ್ಬುರೇಟರಿನ ಕಡೆಗೇ ಡಬ್ ಎಂದು ಹೊಡೆಯುತ್ತದೆ.

ಓಡುವ ಇಂಜಿನ್ನಿನಿಂದ ವಯರು ಕಿತ್ತು ನೋಡುವುದು ಗ್ಯಾರೇಜಿನ ಪದ್ಧತಿ. ಕೆಲವು ಸಾವಿರ ವೋಲ್ಟಿನ ಶಾಕ್ ಹೊಡೆಸಿಕೊಳ್ಳುವುದು ನಮಗೆ ಬೇಡ. ಹೃದಯದ ತೊಂದರೆ ಇರುವವರಂತೂ ಹತ್ತಿರವೇ ಹೋಗಬಾರದು. ನನ್ನ ಕ್ರಮ ಹೀಗೆ. ಇಂಜಿನ್ ಬಂದ್ ಮಾಡಿ. ಒಂದು ವಯರನ್ನು ಪ್ಲಗ್ಗಿನಿಂದ ತೆಗೆದು ಅದಕ್ಕೊಂದು ಹಳೆ ಪ್ಲಗ್ ಸಿಕ್ಕಿಸಿ. ಆ ಪ್ಲಗ್ಗಿನ ಲೋಹದ ಮೈಯನ್ನು ತಾಮ್ರದ ತಂತಿಯಿಂದ ಇಂಜಿನ್ನಿನ ಬೋಲ್ಟೊಂದಕ್ಕೆ ಬಿಗಿಯಿರಿ. ಕಾರ್ಬುರೇಟರಿನಿಂದ, ಪೆಟ್ರೋಲ್ ಪೈಪಿನಿಂದ ಅದು ದೂರ ಇರಲಿ. ಈಗ ಸ್ಟಾರ್ಟ್ ಮಾಡಿ ಸ್ಲೋದಲ್ಲಿ ಹತ್ತು ಸೆಕೆಂಡ್ ಶಬ್ದ ಕೇಳಿ, ಬಂದ್ ಮಾಡಿ. ವಯರು ಸ್ವಸ್ಥಾನಕ್ಕೆ ಹಾಕಿ ಮುಂದಿನದನ್ನು ತೆಗೆಯಿರಿ.

ಒಳ್ಳೆಯ ಸಿಲಿಂಡರಿನ ವಯರು ತೆಗೆದಿದ್ದರೆ ಇಂಜಿನ್ ಇನ್ನಷ್ಟು ಕುಂಟುತ್ತದೆ, ನಿಂತೇ ಹೋಗಬಹುದು. ಯಾವ ವಯರು ತೆಗೆದಾಗ ಶಬ್ದದಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲವೋ ಅದೇ ಸತ್ತ ಸಿಲಿಂಡರು. ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ, ನೀವು ತೆಗೆದದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಮೂರಕ್ಕೂ ಒಂದೇ ತರ ಕುಂಟಿದರೆ ದೋಷ ಮೇನ್ ಪೈಪಿನಲ್ಲಿ.

ಸೈಲೆನ್ಸರಿನಲ್ಲಿ ಕೆಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ಹತ್ತು ಸೆಕೆಂಡಿಗಿಂತ ಎಳೆಯಬೇಡಿ. ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನು ಕೆಂಪಗೆ ಕಾಯಿಸುತ್ತದೆ.

ಹೊಸತು ಬೇಡ, ಅದಲು ಬದಲು ಸಾಕು

ಸತ್ತದ್ದು ಎರಡನೆಯದೆಂದು ಇಟ್ಟುಕೊಳ್ಳಿ. ಇಂಜಿನ್ ತಣಿದ ಮೇಲೆ ಅದರ ಪ್ಲಗ್ ಮೂರನೆಯದಕ್ಕೆ, ಮೂರನೆಯದರ ಪ್ಲಗ್ ಇದಕ್ಕೆ ಹಾಕಿ ಮತ್ತೆ ಪರೀಕ್ಷೆ ಮಾಡಿ. ರೋಗ ಮೂರಕ್ಕೆ ದಾಟಿದರೆ ಪ್ಲಗ್ ಕೆಟ್ಟಿದೆ. ದಾಟದಿದ್ದರೆ ಪ್ಲಗ್ ನಿರಪರಾಧಿ, ವಯರನ್ನು ನೋಡಬೇಕು. ಕಾಸು ಖರ್ಚಿಲ್ಲದ ಪರೀಕ್ಷೆ ಇದು, ಆದರೆ ಮಾಡುವವರು ಕಡಿಮೆ.

ಪ್ಲಗ್ ಬಿಚ್ಚಿದಾಗ ಮೂರನ್ನೂ ಸಾಲಾಗಿ ಕಾಗದದ ಮೇಲಿಟ್ಟು ಮುಖ ನೋಡಿ. ಒಂದನ್ನೇ ನೋಡಿದರೆ ಏನೂ ತಿಳಿಯದು, ಹೋಲಿಸಬೇಕು. ಇಟ್ಟಿಗೆ ಪುಡಿಯ, ಹಾಲು ಹೆಚ್ಚಾದ ಕಾಫಿಯ ಬಣ್ಣ ಆರೋಗ್ಯದ್ದು. ಒಂದು ಮಾತ್ರ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಅಲ್ಲಿ ಕಿಡಿ ಹಾರುತ್ತಿಲ್ಲ, ಇಲ್ಲವೇ ಕಂಪ್ರೆಷನ್ ಇಲ್ಲ. ಜಿಡ್ಡು ಜಿಡ್ಡಾಗಿ ಆಯಿಲ್ ಮೆತ್ತಿದ್ದರೆ ರಿಂಗ್ ಅಥವಾ ವಾಲ್ವಿನ ಸೀಲ್ ಸವೆದಿದೆ. ಮೂರೂ ಮಸಿಯಂತೆ ಒಣ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಚೋಕ್ ಪೂರ್ತಿ ತೆರೆಯುತ್ತಿಲ್ಲದಿರಬಹುದು, ಏರ್ ಫಿಲ್ಟರ್ ಮುಚ್ಚಿಹೋಗಿರಬಹುದು. ಮೂರೂ ಸುಣ್ಣ ಹಚ್ಚಿದಷ್ಟು ಬಿಳಿಯಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಸಂದು 0.7ರಿಂದ 0.8 ಮಿ.ಮೀ. ಇರಬೇಕು. ಫೀಲರ್ ಗೇಜ್ ಒಂದು ಮನೆಯಲ್ಲಿರಲಿ, ಎಷ್ಟೋ ವರ್ಷ ಬಾಳುವ ಸಾಮಾನು.

ಇಲ್ಲೊಂದು ಸೂಕ್ಷ್ಮ ಇದೆ. ಪ್ಲಗ್ಗನ್ನು ಹೊರಗೆ ತೆಗೆದು ಇಂಜಿನ್ನಿಗೆ ತಾಗಿಸಿ "ಇಕೋ, ಕಿಡಿ ಬರ್ತದಲ್ಲ" ಎಂದು ತೋರಿಸುತ್ತಾರೆ. ಬಯಲಿನಲ್ಲಿ ಹಾರಿದ ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲೂ ಹಾರುತ್ತದೆ ಎನ್ನುವ ಭರವಸೆ ಇಲ್ಲ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಅದಕ್ಕಾಗಿ ಪರೀಕ್ಷೆಯ ಹಳೆ ಪ್ಲಗ್ಗಿನ ಸಂದನ್ನು 3-4 ಮಿ.ಮೀ. ಅಗಲಿಸಿ ಇಟ್ಟುಕೊಳ್ಳಿ. ಅಷ್ಟು ದೂರ ಚಟ್ ಚಟ್ ಎಂದು ನೀಲಿ ಕಿಡಿ ಹಾರಿದರೆ ಗಟ್ಟಿ. ಹಳದಿಯ ತೆಳು ನೂಲಿನಂತೆ ಕಂಡರೆ ಬಲ ಸಾಲದು.

ಮಳೆಗಾಲದ ಮಿಸ್ಸಿಂಗ್

ನಮ್ಮ ಊರಿನಂಥ ಜಾಗದಲ್ಲಿ ನೂರಕ್ಕೆ ಹೆಚ್ಚಿನ ಪಾಲು ಇದೇ ಎನ್ನುವುದು ನನ್ನ ಅಂದಾಜು. ಬೆಳಗ್ಗೆ ಮಿಸ್ಸಿಂಗ್, ಹದಿನೈದು ಇಪ್ಪತ್ತು ನಿಮಿಷ ಓಡಿ ಕಾದ ಮೇಲೆ ಸರಿ. ಅಥವಾ ಸಮತಟ್ಟಿನಲ್ಲಿ ಸರಿ, ಮೂಟೆ ಹೇರಿ ಏರು ಹತ್ತುವಾಗ ಮಾತ್ರ ಮಿಸ್ಸಿಂಗ್. ಇಂಥದ್ದು ಕಂಡರೆ ಕಿಡಿ ದಾರಿ ತಪ್ಪುತ್ತಿದೆ ಎಂದು ಮೊದಲು ಸಂಶಯಪಡಬೇಕು. ಏರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ನುಗ್ಗಿ ಒತ್ತಡ ಏರುತ್ತದೆ. ಆಗ ಪ್ಲಗ್ಗಿನ ಸಂದು ಹಾರುವುದು ಕರೆಂಟಿಗೆ ಕಷ್ಟ. ವಯರಿನಲ್ಲಿ ಬಿರುಕಿದ್ದರೆ, ಮುಚ್ಚಳದೊಳಗೆ ತೇವವಿದ್ದರೆ ಅದೇ ಸುಲಭದ ದಾರಿ. ತೋಡಿನ ಕಟ್ಟದಲ್ಲಿ ಏಡಿ ಮಾಡಿದ ತೂತು ನೀರು ಕಡಿಮೆ ಇದ್ದಾಗ ಕಾಣುವುದಿಲ್ಲ, ಹಾಗೆ.

ನನ್ನ ಗಾಡಿಗೆ ಒಂದು ಜೂನ್‌ನಲ್ಲಿ ಹೀಗೇ ಆಯಿತು. ಕತ್ತಲಾದ ಮೇಲೆ ಸೀಟೆತ್ತಿ, ದೀಪ ಆರಿಸಿ, ಇಂಜಿನ್ ಓಡುತ್ತಿರುವಾಗ ದೂರದಿಂದ ನೋಡಿದೆ. ಮೂರನೆಯ ವಯರಿನಿಂದ ಪಕ್ಕದ ಕ್ಲಾಂಪಿಗೆ ನೀಲಿ ಹುಳ ಹರಿದಂತೆ ಕಿಡಿ ಕಾಣಿಸಿತು. ಮುಟ್ಟಿದರೆ ವಯರಿನ ರಬ್ಬರ್ ಒಣಗಿ ಸೀಳಿತ್ತು, ಒಂದು ಕಡೆ ಇಲಿ ಹಲ್ಲಿನ ಗುರುತೂ ಇತ್ತು. ಕಣ್ಣಿಗೆ ಕಾಣದಿದ್ದರೆ ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಸಣ್ಣ ಬಾಟಲಿಯಿಂದ ವಯರುಗಳ ಮೇಲೆ ಮಂಜಿನಂತೆ ನೀರು ಹಾಯಿಸಿ, ಮಿಸ್ಸಿಂಗ್ ಜೋರಾಗುವ ಜಾಗವೇ ದೋಷದ ಜಾಗ. ಕೈ ಮಾತ್ರ ದೂರವಿರಲಿ. ಬೋರ್ಡೋ ಹೊಡೆಯುವ ಪಂಪು ಈ ಕೆಲಸಕ್ಕೆ ತರಬೇಡಿ, ಅದರ ತಳದಲ್ಲಿ ಉಳಿದ ಮೈಲುತುತ್ತು ಕರೆಂಟನ್ನೂ ಹರಿಸುತ್ತದೆ, ಲೋಹವನ್ನೂ ತಿನ್ನುತ್ತದೆ.

ವಯರಿನ ಒಳಗಿನ ಎಳೆ ತುಂಡಾಗಿದ್ದರೆ ಹೊರಗಿನಿಂದ ತಿಳಿಯದು. ಪಂಪಿನ ವಯರಿಂಗ್ ನೋಡಲು ಇಟ್ಟುಕೊಂಡ ಮಲ್ಟಿಮೀಟರಿನಲ್ಲಿ ಮೂರೂ ವಯರನ್ನು ಅಳೆಯಿರಿ. ಇಂಗಾಲದ ಎಳೆಯ ವಯರಾದರೆ ಸಾವಿರಗಟ್ಟಲೆ ಓಮ್ ತೋರಿಸುವುದು ಸಹಜ, ಹೆದರಬೇಡಿ. ಉದ್ದಕ್ಕೆ ತಕ್ಕ ಹಾಗೆ ಮೂರೂ ಆಸುಪಾಸಿನಲ್ಲಿರಬೇಕು. ಒಂದು ಮಾತ್ರ ಏನೂ ತೋರಿಸದಿದ್ದರೆ ಅದು ಕಡಿದಿದೆ.

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ಒಳಮೈ ನೋಡಿ. ತೇವವಷ್ಟೇ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟರೆ ಆಯಿತು. ಮಳೆಗಾಲದಲ್ಲಿ ಬಿಸಿಲೆಲ್ಲಿ, ಒಲೆಯಿಂದ ದೂರ ಬೆಚ್ಚಗಿನ ಜಾಗದಲ್ಲಿಟ್ಟರೂ ಸಾಕು. ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ ಕಂಡರೆ ಅದು ಕಿಡಿ ಸುಟ್ಟು ಮಾಡಿದ ಇಂಗಾಲದ ದಾರಿ. ಉಜ್ಜಿದರೆ ನಾಲ್ಕು ದಿನ ಸರಿಯಾದಂತೆ ಕಂಡು ಮತ್ತೆ ಬರುತ್ತದೆ. ಮುಚ್ಚಳ ಬದಲಿಸುವುದೇ ಸರಿ. ನಡುವಿನ ಇಂಗಾಲದ ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ಹಿಂದೆ ಬರಬೇಕು, ಅದನ್ನೂ ನೋಡಿ.

ಮೂರೂ ತಪ್ಪುತ್ತಿದ್ದರೆ

ಪಾಯಿಂಟ್ ಸಂದು 0.4ರಿಂದ 0.5 ಮಿ.ಮೀ. ಮುಖ ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳೆಯಂತೆ ಎದ್ದಿದ್ದರೆ ಕಂಡೆನ್ಸರಿನ ಮೇಲೆ ಅನುಮಾನ. ಹೊಸ ಪಾಯಿಂಟ್ ಹಾಕಿ ಹಳೆ ಕಂಡೆನ್ಸರ್ ಬಿಟ್ಟರೆ ಹೊಸತೂ ಬೇಗ ಸುಡುತ್ತದೆ. ತಣ್ಣಗಿರುವಾಗ ಸರಿ ಇದ್ದು, ಅರ್ಧ ಗಂಟೆ ಓಡಿದ ಮೇಲೆ ಮಿಸ್ಸಿಂಗ್ ಶುರುವಾಗಿ ನಿಂತೇ ಹೋಗಿ, ತಣಿದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಕಾಯಿಲನ್ನು ನೋಡಬೇಕು.

ಸ್ಲೋದಲ್ಲಿ ಮಾತ್ರ ಕುಂಟಿ ಓಡುವಾಗ ಸರಿ ಇದ್ದರೆ ಎಲ್ಲೋ ಕಳ್ಳಗಾಳಿ ಒಳಹೋಗುತ್ತಿರಬಹುದು. ಕಾರ್ಬುರೇಟರ್ ಅಡಿಯ ಗ್ಯಾಸ್ಕೆಟ್, ಸೀಳಿದ ವ್ಯಾಕ್ಯೂಮ್ ಪೈಪು ಇದಕ್ಕೆ ಕಾರಣ. ಕೆಲವರು ಪೆಟ್ರೋಲ್ ಚಿಮುಕಿಸಿ ಪರೀಕ್ಷಿಸುತ್ತಾರೆ, ಬಿಸಿ ಇಂಜಿನ್ನಿನ ಮೇಲೆ ಅದು ಬೆಂಕಿಯ ಜೊತೆ ಆಟ. ಅನುಮಾನದ ಜೋಡಿನ ಮೇಲೆ ನಾಲ್ಕು ತೊಟ್ಟು ನೀರು ಬಿಡಿ. ನೀರು ಸಂದನ್ನು ಒಂದು ಕ್ಷಣ ಮುಚ್ಚಿದಾಗ ಇಂಜಿನ್ನಿನ ಸ್ವರ ಬದಲಾದರೆ ಸೋರಿಕೆ ಅಲ್ಲೇ. ಸೋರುವುದು ಒಂದು ಸಿಲಿಂಡರಿನ ಗಾಳಿದಾರಿಯ ಬುಡದಲ್ಲಾದರೆ ಆ ಒಂದೇ ಸಿಲಿಂಡರ್ ತಪ್ಪಬಹುದು.

ಈಗಿನ ಪೆಟ್ರೋಲಿನ ಬಗ್ಗೆಯೂ ಹೇಳಬೇಕು. ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರಕೆ 2022ರಲ್ಲಿ ಶೇ. 10 ಮುಟ್ಟಿತು, 2025ರಲ್ಲಿ ಶೇ. 20. ನಮ್ಮ ಹಳೆ ಗಾಡಿಗಳು ಇದಕ್ಕಾಗಿ ಮಾಡಿದವಲ್ಲ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದರೆ, ಅಥವಾ ಟ್ಯಾಂಕಿಗೆ ಹೇಗೋ ನೀರು ಸೇರಿದರೆ, ಹೆಚ್ಚಾದ ನೀರು ಎಥನಾಲನ್ನೂ ಸೇರಿಸಿಕೊಂಡು ತಳಕ್ಕೆ ಕೂರುತ್ತದೆ. ಕಾರ್ಬುರೇಟರಿಗೆ ಬರುವ ಪೈಪಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಲೇಬೇಕು, ಕಾರ್ಬುರೇಟರ್ ತೊಳೆದು ಪ್ರಯೋಜನ ಇಲ್ಲ. ಹಳೆ ರಬ್ಬರ್ ಪೈಪು ಮೆತ್ತಗಾಗಿದೆಯೋ, ಬಿರಿದಿದೆಯೋ ಎಂದೂ ನೋಡಿ. ಪೈಪು ಸೋರಿದರೆ ಅದು ಸೀಟಿನ ಅಡಿಯಲ್ಲೇ ಸೋರುವುದು, ಮಿಸ್ಸಿಂಗ್‌ಗಿಂತ ದೊಡ್ಡ ಅಪಾಯ. ಶೇ. 20ರ ಪೆಟ್ರೋಲಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುವುದರಿಂದ ಮೊದಲಿನ ಸ್ಲೋ ಸೆಟ್ಟಿಂಗಿನಲ್ಲಿ ಇಂಜಿನ್ ಕುಂಟುವುದೂ ಉಂಟು. ಎಮಿಷನ್ ಟೆಸ್ಟಿಗೆ ಹೋದಾಗ ಮೀಟರ್ ನೋಡಿಕೊಂಡೇ ಸ್ಕ್ರೂ ಹೊಂದಿಸಿಕೊಳ್ಳಿ.

ಕಿಡಿಯೂ ಸರಿ, ಪೆಟ್ರೋಲೂ ಸರಿ

ನೆರೆಯವರೊಬ್ಬರ ಓಮ್ನಿಗೆ ಮಿಸ್ಸಿಂಗ್ ಬಂದು ಎರಡು ತಿಂಗಳಾಗಿತ್ತು. ಪ್ಲಗ್, ವಯರು, ಕಾಯಿಲ್, ಕಾರ್ಬುರೇಟರ್ ಕಿಟ್ ಎಲ್ಲ ಹೊಸತು ಬಿದ್ದಿತ್ತು. ಅವರ ತಂದೆಗೆ ವಾರಕ್ಕೆರಡು ಸಲ ಡಯಾಲಿಸಿಸ್, ಹೋಗಿ ಬರಲು ಎಪ್ಪತ್ತು ಕಿಲೋಮೀಟರ್. ದಾರಿಯಲ್ಲಿ ನಿಂತರೆ ಗತಿಯೇನು ಎಂದು ಬಾಡಿಗೆ ಕಾರು ಮಾಡುತ್ತಿದ್ದರು. "ಇನ್ನು ಹಾಕ್ಲಿಕ್ಕೆ ಏನೂ ಬಾಕಿ ಇಲ್ಲ ಮಾರಾಯ್ರೇ, ಗಾಡಿಯೇ ಕೊಡುದು" ಎಂದರು.

ಹಳೆ ಪ್ಲಗ್ಗಿನ ಪರೀಕ್ಷೆಯಲ್ಲಿ ಸತ್ತದ್ದು ಎರಡನೆಯದೆಂದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಪ್ಲಗ್, ವಯರು ಅದಲು ಬದಲು ಮಾಡಿದರೂ ರೋಗ ಎರಡು ಬಿಟ್ಟು ಕದಲಲಿಲ್ಲ. ಸೈಲೆನ್ಸರ್ ಬಾಯಿಯ ಹತ್ತಿರ ಒಂದು ಕಾಗದದ ಪಟ್ಟಿ ಹಿಡಿದೆವು. ಆರೋಗ್ಯದ ಇಂಜಿನ್ ಅದನ್ನು ಒಂದೇ ಸಮ ಹೊರಗೆ ತಳ್ಳುತ್ತದೆ. ಇಲ್ಲಿ ಲೆಕ್ಕವಿಟ್ಟ ಹಾಗೆ ನಡುನಡುವೆ ಕಾಗದ ಒಳಕ್ಕೆ ಸೆಳೆಯುತ್ತಿತ್ತು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸೂಚನೆ.

ಪೇಟೆಯಿಂದ ಕಂಪ್ರೆಷನ್ ಗೇಜ್ ಎರವಲು ತಂದೆವು. ಇಂಜಿನ್ ಬಿಸಿ ಇರುವಾಗ ಮೂರೂ ಪ್ಲಗ್ ತೆಗೆದು, ಕಿಡಿ ಹಾರದಂತೆ ಕಾಯಿಲಿಗೆ ಬರುವ ಬ್ಯಾಟರಿ ವಯರು ಬಿಡಿಸಿ, ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಎರಡರಲ್ಲಿ 11 ಕಿಲೋ ದಾಟಿತು, ನಡುವಿನದರಲ್ಲಿ ಮುಳ್ಳು 6ರಲ್ಲೇ ನಿಂತಿತು. ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆವು. ಆಯಿಲ್ ರಿಂಗಿನ ಸಂದು ಮುಚ್ಚುವುದರಿಂದ, ದೋಷ ರಿಂಗಿನಲ್ಲಿದ್ದರೆ ಮುಳ್ಳು ಮೇಲೇರುತ್ತದೆ. ಇಲ್ಲಿ ಏರಲಿಲ್ಲ, ಹಾಗಾಗಿ ವಾಲ್ವ್. ಒತ್ತಿಕೊಂಡಿರುವ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಕಡಿಮೆ ಬಂದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಒಡೆದಿದೆ ಎಂದು ತಿಳಿಯಬೇಕಿತ್ತು.

ಮರುದಿನ ತಣ್ಣಗಿನ ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದರೆ ಆ ಎಕ್ಸಾಸ್ಟ್ ವಾಲ್ವಿನ ಟ್ಯಾಪೆಟ್ ಸಂದಿನಲ್ಲಿ ಫೀಲರ್ ಗೇಜಿನ ಅತಿ ತೆಳು ಎಲೆಯೂ ತೂರಲಿಲ್ಲ. ವಾಲ್ವ್ ಮತ್ತು ಅದರ ಸೀಟು ವರ್ಷಾನುಗಟ್ಟಲೆ ಸವೆದಂತೆ ಈ ಸಂದು ಕಿರಿದಾಗುತ್ತ ಬರುತ್ತದೆ. ಸಂದು ಪೂರ್ತಿ ಹೋದರೆ ವಾಲ್ವ್ ಸೀಟಿಗೆ ಕೂರುವುದಿಲ್ಲ, ಕೂರದಿದ್ದರೆ ಅದರ ಬಿಸಿ ಇಳಿಯುವುದಿಲ್ಲ, ಅಂಚು ಸುಡುತ್ತದೆ. ಟ್ಯಾಪೆಟ್ ಶಬ್ದ ಮಾಡಿದರೆ ಎಲ್ಲರೂ ಗ್ಯಾರೇಜಿಗೆ ಓಡುತ್ತಾರೆ. ನನ್ನ ಮಟ್ಟಿಗೆ ಶಬ್ದ ಮಾಡುವ ಟ್ಯಾಪೆಟ್‌ಗಿಂತ ಮೌನವಾದದ್ದೇ ಹೆಚ್ಚು ಹೆದರಿಕೆಯದ್ದು.

ಸಂದು ಸರಿಮಾಡಿದರೂ ಕಂಪ್ರೆಷನ್ ಬರಲಿಲ್ಲ, ಅಂಚು ಆಗಲೇ ಸುಟ್ಟಿತ್ತು. ಹೆಡ್ ಇಳಿಸುವುದು ನಮ್ಮ ಅಂಗಳದ ಕೆಲಸವಲ್ಲ. ಅವರು ಗ್ಯಾರೇಜಿಗೆ ಹೋಗಿ "ಮಿಸ್ಸಿಂಗ್ ಉಂಟು, ನೋಡಿ" ಎನ್ನುವ ಬದಲು "ಎರಡನೇ ಸಿಲಿಂಡರಿನಲ್ಲಿ ಕಂಪ್ರೆಷನ್ 6, ಆಯಿಲ್ ಬಿಟ್ಟರೂ ಏರುವುದಿಲ್ಲ, ವಾಲ್ವ್ ನೋಡಿ" ಎಂದರು. ಒಂದು ವಾಲ್ವ್, ಹೆಡ್ ಗ್ಯಾಸ್ಕೆಟ್, ಮಿಕ್ಕ ವಾಲ್ವುಗಳ ಗ್ರೈಂಡಿಂಗ್, ಎರಡು ದಿನದ ಕೂಲಿ. ಅಷ್ಟರಲ್ಲಿ ಮುಗಿಯಿತು. ಮೊದಲು ಹಾಕಿದ ಸಾಮಾನಿನ ಬಿಲ್ಲು ಇದಕ್ಕಿಂತ ಹೆಚ್ಚಾಗಿತ್ತು. ಆ ಗಾಡಿ ಈಗಲೂ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಬರುತ್ತಿದೆ.

ಕಾರ್ಬುರೇಟರ್ ಇಲ್ಲದ ಈಚಿನ ಗಾಡಿಗಳಲ್ಲಿ ಹುಡುಕುವುದು ಅರ್ಧ ಸುಲಭ. ಇಂಜಿನ್ ದೀಪ ಹತ್ತಿದಾಗ ಸ್ಕ್ಯಾನರ್ ಹಾಕಿಸಿದರೆ ಪಿ0301, ಪಿ0302, ಪಿ0303 ಎಂಬಂಥ ಸಂಖ್ಯೆ ಬರುತ್ತದೆ. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು. ಪಿ0300 ಬಂದರೆ ಒಂದಕ್ಕೇ ಸೀಮಿತವಲ್ಲ, ಬೇರೆ ಬೇರೆ ಸಿಲಿಂಡರ್ ತಪ್ಪುತ್ತಿದೆ ಎಂದರ್ಥ. ಆದರೆ ಸ್ಕ್ಯಾನರ್ ಹೇಳುವುದು ಯಾವ ಸಿಲಿಂಡರ್ ಎಂದಷ್ಟೇ. ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ, ವಾಲ್ವೋ ಎನ್ನುವುದಕ್ಕೆ ಅಲ್ಲೂ ಅದಲು ಬದಲಿನ ದಾರಿಯೇ. ಆ ಗಾಡಿಗಳಲ್ಲಿ ಮಾತ್ರ ವಯರನ್ನಾಗಲಿ ಕಾಯಿಲನ್ನಾಗಲಿ ಗಾಳಿಯಲ್ಲಿ ತೂಗಬಿಟ್ಟು ಇಂಜಿನ್ ತಿರುಗಿಸಬೇಡಿ, ಹೋಗಲು ದಾರಿ ಸಿಗದ ಕಿಡಿ ದುಬಾರಿ ಎಲೆಕ್ಟ್ರಾನಿಕ್ ಡಬ್ಬಿಯನ್ನೇ ಸುಡಬಹುದು.